ಪೇಷೆಂಟಮ್ಮನ ಮೂರ್ಛೆ

ಆ ವಿಶ್ವವಿದ್ಯಾಲಯದಲ್ಲಿ ಕಾಯಿಲೆ ಬೀಳುವುದು ಹೇಗೆಂದು ಎಲ್ಲರಿಗೂ ಕಲಿಸಿದವಳು ಹುಡುಗಿಯರ ಹಾಸ್ಟೆಲಿನ ಆಯಾ. ಗುಡಿಸುವುದು, ಒರೆಸುವುದು, ಬಚ್ಚಲು ತೊಳೆಯುವುದು ಅವಳ ಸಂಬಳದ ಕೆಲಸ. ಬೀಳುವುದು ಮೇಲಿನ ಕೆಲಸ. ಅದಕ್ಕೆ ಸಂಬಳವಿರಲಿಲ್ಲ, ಹೆಸರಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಹಾಕುವವನಿಗೂ ಮರೆತುಹೋಗಿ, ಕುಲಪತಿಗಳ ಕಚೇರಿಯಿಂದ ಹಿಡಿದು ಕ್ಯಾಂಟೀನಿನವರೆಗೆ ಎಲ್ಲರ ಬಾಯಲ್ಲೂ ಅವಳು ಪೇಷೆಂಟಮ್ಮ ಆಗಿದ್ದಳು.

ಇದು ಶುರುವಾದದ್ದು ಒಂದು ಸಾವಿನಿಂದ. ಕೆಲವು ವರ್ಷಗಳ ಹಿಂದೆ ಆಟದ ಮೈದಾನದಲ್ಲಿ ಓಡುತ್ತಿದ್ದ ವಿದ್ಯಾರ್ಥಿಯೊಬ್ಬ ಎದೆ ಹಿಡಿದುಕೊಂಡು ಕುಸಿದ. ಯಾರಿಗೆ ಫೋನ್ ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಕಾವಲಿನವನು ವಾರ್ಡನ್‌ಗೆ ಮಾಡಿದ, ವಾರ್ಡನ್ ಡೀನ್‌ಗೆ ಮಾಡಿದರು, ಡೀನ್ ಮೀಟಿಂಗಿನಲ್ಲಿದ್ದರು. ಅಂಬುಲೆನ್ಸ್ ಇತ್ತು, ಅದರ ಬೀಗದ ಕೈ ಊಟಕ್ಕೆ ಹೋಗಿತ್ತು. ಹುಡುಗ ಉಳಿಯಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದು ದೊಡ್ಡ ಸಂಸ್ಥೆಗಳ ಹುಟ್ಟುಗುಣ. ಆದರೆ ಒಂದು ಮಾತು ಹೇಳಲೇಬೇಕು, ಈ ಬಾರಿ ಬಾಗಿಲನ್ನು ಶ್ರದ್ಧೆಯಿಂದಲೇ ಹಾಕಿದರು. ಸಮಿತಿ ಬಂತು. ಒಂದೇ ಫೋನ್ ನಂಬರ್ ಬಂತು. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ವಿದ್ಯಾರ್ಥಿ ಸ್ವಯಂಸೇವಕರ ಪಡೆ ಬಂತು. ಅದರ ಮುಖ್ಯಸ್ಥರು ಭೂಗರ್ಭಶಾಸ್ತ್ರದ ಮೇಷ್ಟ್ರು. ಮಳೆಯಿರಲಿ ಬಿಸಿಲಿರಲಿ ಜಾಕೆಟ್ ಬಿಚ್ಚದ ಕಾರಣ ಅವರನ್ನು ಎಲ್ಲರೂ ಜಾಕೆಟ್ ಮೇಷ್ಟ್ರು ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಆ ಹುಡುಗ ಬಿದ್ದಾಗ ಮೈದಾನದಲ್ಲಿದ್ದವರಲ್ಲಿ ಅವರೂ ಒಬ್ಬರು.

ಪಡೆಗೆ ಅಭ್ಯಾಸ ಬೇಕು, ಅಭ್ಯಾಸಕ್ಕೆ ರೋಗಿ ಬೇಕು. ಮೊದಲ ಡ್ರಿಲ್‌ನಲ್ಲಿ ರೋಗಿಯಾಗಿ ಮಲಗಿದ ವಿದ್ಯಾರ್ಥಿ ನಗು ತಡೆಯಲಾರದೆ ಸ್ಟ್ರೆಚರ್ ಮೇಲೆಯೇ ಕಿಸಕ್ಕೆಂದ. ಎರಡನೆಯವನು ನಿದ್ದೆಹೋದ. ಆಗ ಯಾರೋ ನೆಲ ಒರೆಸುತ್ತಿದ್ದ ಆಯಾಳನ್ನು ಕರೆದರು. ತೆಳ್ಳಗಿದ್ದಾಳೆ, ಎತ್ತಲು ಹಗುರ ಎಂಬುದಷ್ಟೇ ಅವರ ಲೆಕ್ಕ. ಅವಳು ಕೈ ಒರೆಸಿಕೊಂಡು ಬಂದು, "ಹೇಗೆ ಬೀಳ್ಬೇಕು ಸಾರ್?" ಎಂದು ಕೇಳಿದಳು.

"ನಿಜವಾಗ್ಲೂ ಏನೋ ಆದವರ ಥರ ಬೀಳಮ್ಮ."

ಅವಳು ಬಿದ್ದಳು. ಬಿದ್ದದ್ದು ನೋಡಿ ಡೀನ್ ನಿಜವಾಗಿ ಹೆದರಿ ನೀರು ತನ್ನಿ ನೀರು ತನ್ನಿ ಎಂದರು. ಎದೆ ಹಿಡಿದು, ಕಣ್ಣು ಮೇಲೆ ಮಾಡಿ, "ಅಯ್ಯೋ, ಹೋದೆ ಹೋದೆ" ಎಂದು ನರಳಿ, ಎಡಗೈಯನ್ನು ಎರಡು ಸಲ ಗಾಳಿಯಲ್ಲಿ ಬೀಸಿ, ನಿಧಾನವಾಗಿ ಮಗ್ಗುಲಾಗಿ ಒರಗುವ ಆ ಮೂರ್ಛೆ ಅವಳ ಸ್ವಂತದ್ದಲ್ಲ. ಅದು ಅವಳ ಅತ್ತೆಯದು.

ಅತ್ತೆ ಮೂರ್ಛೆಯಲ್ಲೇ ಸಂಸಾರ ನಡೆಸಿದವರು. ಸೊಸೆ ತವರಿಗೆ ಹೊರಟರೆ ಮೂರ್ಛೆ, ಮಗ ಹೆಂಡತಿಗೆ ಚಪ್ಪಲಿ ತಂದರೆ ಮೂರ್ಛೆ, ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಅರ್ಧ ಮೂರ್ಛೆ. ಮಗ, ಎಂದರೆ ನಮ್ಮ ಆಯಾಳ ಗಂಡ, ಬೆತ್ತದ ಕುರ್ಚಿ ಹೆಣೆಯುವವನು, ಹೆಣಿಗೆಯಿಂದ ತಲೆ ಎತ್ತದೆ, "ಬೀಳೋ ಜಾಗದಲ್ಲಿ ಚಾಪೆ ಹಾಸಿದೀನಮ್ಮ" ಎನ್ನುತ್ತಿದ್ದ. ಹೀಗೆ ಬೀಳುತ್ತ ಬೀಳುತ್ತ ಅತ್ತೆ ಎಂಬತ್ತು ದಾಟಿದರು. ನಿಜವಾಗಿ ಹೋದ ದಿನ ಮಾತ್ರ ಬೀಳಲಿಲ್ಲ, ನರಳಲಿಲ್ಲ. ಗೋಡೆಗೆ ಒರಗಿ ಬಟಾಣಿ ಸುಲಿಯುತ್ತ ಕೂತಿದ್ದರು. ಸೊಸೆ ಅವರ ಸುತ್ತಲೇ ಮನೆ ಗುಡಿಸಿದಳು, ಕಾಲು ಸ್ವಲ್ಪ ತೆಗೀರಿ ಅತ್ತೆ ಎಂದು ಎರಡು ಸಲ ಹೇಳಿ ಸಿಡುಕಿದಳು. ಬುಟ್ಟಿ ಎತ್ತಲು ಬಾಗಿದಾಗಲೇ ಗೊತ್ತಾದದ್ದು. ಇಷ್ಟನ್ನು ಕಂಡವಳು ಒಂದು ಪಾಠ ಕಲಿಯಬೇಕಿತ್ತು. ಆದರೆ ಮನುಷ್ಯರು ನಾಟಕ ನೆನಪಿಟ್ಟುಕೊಳ್ಳುತ್ತಾರೆ, ಸಾವನ್ನು ಮರೆಯುತ್ತಾರೆ. ಅವಳೂ ಹಾಗೆಯೇ ಮಾಡಿದಳು.

ಬೀಳುವುದು ಅವಳಿಗೆ ಹಿಡಿಸಿತು. ಯಾಕೆ ಹಿಡಿಸಬಾರದು? ಹುಟ್ಟಿದಾಗಿನಿಂದ ಅವಳನ್ನು ಯಾರೂ ಎತ್ತಿಕೊಂಡು ನಡೆದಿರಲಿಲ್ಲ. ಈಗ ಓದಿದ ಮಕ್ಕಳು ನಾಲ್ವರು ಸೇರಿ ಮೆತ್ತಗೆ ಎತ್ತುತ್ತಿದ್ದರು, "ಉಸಿರಾಡಿ ಅಮ್ಮ, ನಾವಿದೀವಿ" ಎನ್ನುತ್ತಿದ್ದರು, ಮೇಲೆ ಹೊದಿಸುತ್ತಿದ್ದರು. ಅಂಬುಲೆನ್ಸ್ ಸೈರನ್ ಹಾಕಿಕೊಂಡು ದೊಡ್ಡ ಗೇಟಿನವರೆಗೆ ಹೋಗಿ ತಿರುಗಿ ಬರುವಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಮನೆಗೆ ಬಂದು ಹೇಳಿದರೆ ಗಂಡ, "ಇಲ್ಲಿ ಜ್ವರ ಬಂದ್ರೂ ಒಂದು ಲೋಟ ನೀರು ಕೊಡೋರಿಲ್ಲ, ಅಲ್ಲಿ ಸುಳ್ಳು ಸುಳ್ಳೇ ಬಿದ್ರೆ ಮೆರವಣಿಗೆ" ಎಂದು ನಗುತ್ತಿದ್ದ. ನೀರು ಕೊಡದವನು ಅವನೇ ಎಂಬುದು ಅವನಿಗೆ ಹೊಳೆಯುತ್ತಿರಲಿಲ್ಲ.

ಅವಳ ಮೂರ್ಛೆಯನ್ನು ವಿಡಿಯೊ ಮಾಡಿ ಪ್ರತಿವರ್ಷ ಹೊಸ ವಿದ್ಯಾರ್ಥಿಗಳಿಗೆ ತೋರಿಸಿದರು. ಎದೆ ಹಿಡಿದು ಬಾಯಿ ತೆರೆದ ಅವಳ ಫೋಟೊ ಪೋಸ್ಟರ್ ಆಗಿ ಕಟ್ಟಡ ಕಟ್ಟಡಕ್ಕೂ ಅಂಟಿತು. ಕೆಳಗೆ ದಪ್ಪ ಅಕ್ಷರದಲ್ಲಿ, 'ಹೀಗೆ ಯಾರಾದರೂ ಕಂಡರೆ ಕೂಡಲೇ ಕರೆ ಮಾಡಿ'. ಹಾಸ್ಟೆಲಿನ ಮೆಟ್ಟಿಲ ಬಳಿಯ ಪೋಸ್ಟರನ್ನು ಅವಳು ದಿನಾ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ತನ್ನ ಮುಖದ ಮೇಲೆ ಧೂಳು ಕೂತರೆ ಯಾರಿಗೆ ಚೆನ್ನಾಗಿರುತ್ತದೆ?

ಆ ವರ್ಷ ಬಂದ ಹುಡುಗಿಯರಲ್ಲಿ ಒಬ್ಬಳನ್ನು ಅವಳು ಬಾಟ್ಲಿ ಹುಡುಗಿ ಎಂದು ಕರೆಯುತ್ತಿದ್ದಳು. ಯಾವಾಗ ನೋಡಿದರೂ ನೀರಿನ ಫಿಲ್ಟರಿನ ಮುಂದೆ ಬಾಟಲಿ ಹಿಡಿದು ನಿಂತಿರುತ್ತಿದ್ದಳು. ಮೊದಮೊದಲು ಹಾಗಿರಲಿಲ್ಲ, ಪರೀಕ್ಷೆ ಹತ್ತಿರ ಬಂದ ಹಾಗೆ ಬಾಟಲಿ ದೊಡ್ಡದಾಯಿತು, ಹುಡುಗಿ ಸಣ್ಣಗಾದಳು. ಮೆತ್ತಗಿನ ಹುಡುಗಿ. ಒದ್ದೆ ನೆಲ ಕಂಡರೆ ಚಪ್ಪಲಿ ಕೈಗೆ ತೆಗೆದುಕೊಂಡು ಗೋಡೆ ಪಕ್ಕದಲ್ಲಿ ನಡೆಯುವವಳು. ಇಡೀ ಹಾಸ್ಟೆಲಿನಲ್ಲಿ ಹಾಗೆ ನಡೆಯುತ್ತಿದ್ದವಳು ಅವಳೊಬ್ಬಳೇ, ಅದಕ್ಕೇ ಆಯಾಳಿಗೆ ಅವಳ ಮೇಲೆ ಜೀವ.

"ಏನೇ ತಾಯಿ, ಹೊಟ್ಟೇಲಿ ಏನು ತೋಟ ಮಾಡಿದೀಯಾ, ಇಷ್ಟು ನೀರು ಹಾಯಿಸ್ತೀಯಲ್ಲ?"

"ಬಾಯಾರಿಕೆ ಆಂಟಿ. ಎಷ್ಟು ಕುಡಿದ್ರೂ ಹೋಗಲ್ಲ."

"ಬಚ್ಚಲಿಗೆ ಓಡಾಡೋದು ನಿನಗೆ, ತೊಳೆಯೋದು ನನಗೆ" ಎಂದು ಆಯಾ ನಕ್ಕಳು. ಹುಡುಗಿಯೂ ನಕ್ಕು, "ಸಾರಿ ಆಂಟಿ" ಎಂದಳು.

ಆ ನಗು ಆಮೇಲೆ ಆಯಾಳನ್ನು ಸುಟ್ಟಿತು.

ಒಂದು ಮಧ್ಯಾಹ್ನ ಹಾಸ್ಟೆಲ್ ಅರ್ಧ ಖಾಲಿಯಿತ್ತು. ಬಾಟ್ಲಿ ಹುಡುಗಿ ಮೆಟ್ಟಿಲ ಮೇಲೆ, ಆ ಪೋಸ್ಟರಿನ ಕೆಳಗೆ ಕೂತಿದ್ದಳು. ಗೋಡೆಗೆ ತಲೆಯಾನಿಸಿ, ಓಡಿ ಬಂದವಳ ಹಾಗೆ ಉಸಿರಾಡುತ್ತಿದ್ದಳು. ಆಯಾ ಬಕೆಟ್ ಹಿಡಿದು ಮೇಲಿನಿಂದ ಒರೆಸುತ್ತ ಇಳಿದು ಬಂದು ಅವಳ ಹಿಂದಿನ ಮೆಟ್ಟಿಲಲ್ಲಿ ನಿಂತಳು.

"ಏಳಮ್ಮ, ಇದೊಂದು ಒರೆಸಿದ್ರೆ ಮುಗೀತು."

"ಒಂದು ನಿಮಿಷ ಆಂಟಿ. ಸುಸ್ತು."

ಅಷ್ಟರಲ್ಲಿ ಹುಡುಗಿಯ ರೂಮ್‌ಮೇಟ್ ಪಡೆಯ ಸ್ವಯಂಸೇವಕಿಯೊಬ್ಬಳನ್ನು ಕರೆದುಕೊಂಡು ಬಂದಳು. ರೂಮ್‌ಮೇಟ್‌ಗೆ ಏನೋ ಅನುಮಾನ. ಬೆಳಿಗ್ಗೆಯಿಂದ ಇವಳು ಏನೂ ತಿಂದಿಲ್ಲ ಎಂದಳು. ಸ್ವಯಂಸೇವಕಿ ಕಿತ್ತಳೆ ಜಾಕೆಟಿನ ಕೊನೆಯ ವರ್ಷದ ಹುಡುಗಿ, ಕಲಿತದ್ದನ್ನು ಬಿಡದೆ ಮಾಡುವವಳು. ಮಂಡಿಯೂರಿ ಕೂತು ಕೇಳಿದಳು. ಎದೆ ನೋವಾ? ಇಲ್ಲ. ತಲೆ ತಿರುಗಿ ಬಿದ್ಯಾ? ಇಲ್ಲ. ಎಲ್ಲಾದ್ರೂ ಪೆಟ್ಟಾಯ್ತಾ? ಇಲ್ಲ. ಕೇಳಿದ ಪ್ರಶ್ನೆಗೆಲ್ಲ ಹುಡುಗಿ ಮೆಲ್ಲಗೆ, ಮರ್ಯಾದೆಯಿಂದ ಉತ್ತರ ಕೊಟ್ಟಳು. ಹೊಟ್ಟೆ ಸ್ವಲ್ಪ ತೊಳಸುತ್ತಿದೆ, ಅಷ್ಟೇ ಎಂದಳು. ಸ್ವಯಂಸೇವಕಿ ಗೋಡೆಯ ಪೋಸ್ಟರ್ ನೋಡಿದಳು, ಹುಡುಗಿಯನ್ನು ನೋಡಿದಳು. ಎರಡಕ್ಕೂ ಏನೇನೂ ಹೋಲಿಕೆಯಿರಲಿಲ್ಲ. ಕೊನೆಗೆ ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ, ತಲೆಯೆತ್ತಿ ಕೇಳಿದಳು.

"ಏನು ಪೇಷೆಂಟಮ್ಮ, ನೀವು ಸೀನಿಯರ್. ನೀವೇ ಹೇಳಿ, ಕರೆ ಮಾಡಬೇಕಾ?"

ಆಯಾಳಿಗೆ ಹೆಮ್ಮೆಯಾಯಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಹೆಮ್ಮೆಯೇ ಆಯಿತು. ಬಕೆಟ್ ಕೆಳಗಿಟ್ಟು, ಸೊಂಟಕ್ಕೆ ಕೈಕೊಟ್ಟು, ದೊಡ್ಡ ಡಾಕ್ಟರಂತೆ ನೋಡಿ ಅಂದಳು: "ಅಯ್ಯೋ, ಇದು ಕಾಯಿಲೆ ಅಲ್ಲ ಬಿಡಿ. ಓದೀ ಓದೀ ನಿದ್ದೆಗೆಟ್ಟಿದಾಳೆ. ಹೋಗಿ ಸ್ವಲ್ಪ ಮಲಗಮ್ಮ, ಸರಿಹೋಗುತ್ತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹುಡುಗಿ ಕಂಬಿ ಹಿಡಿದು ಎದ್ದಳು. ಹೋಗುವ ಮುಂಚೆ ಚಪ್ಪಲಿ ಕೈಗೆ ತೆಗೆದುಕೊಂಡಳು, ಮೇಲಿನ ಮೆಟ್ಟಿಲುಗಳು ಇನ್ನೂ ಒದ್ದೆಯಿದ್ದವಲ್ಲ. ರೂಮ್‌ಮೇಟ್ ಅವಳನ್ನು ಮಲಗಿಸಿ ಲ್ಯಾಬಿಗೆ ಹೋದಳು. ಆಯಾ ಆ ಮೆಟ್ಟಿಲು ಒರೆಸಿದಳು.

ಸಂಜೆ ರೂಮ್‌ಮೇಟ್ ಬಂದು ಎಬ್ಬಿಸಿದರೆ ಹುಡುಗಿ ಏಳಲಿಲ್ಲ. ಆಗ ಪಡೆ ಎದ್ದಿತು ನೋಡಿ. ಒಂದೇ ನಂಬರಿಗೆ ಒಂದೇ ಕರೆ, ಮರುಕ್ಷಣ ಸೈರನ್. ನಾಲ್ವರು ಮೆಟ್ಟಿಲು ಹತ್ತಿದರು, ನಾಲ್ವರೂ ಹೆಜ್ಜೆ ತಪ್ಪದೆ ಇಳಿದರು. ಗೇಟಿನ ಕಾವಲಿನವರು ಮೊದಲೇ ದಾರಿ ತೆರವು ಮಾಡಿದ್ದರು. ಆ ಹಿಂದಿನ ಹುಡುಗನ ದಿನದ ಒಂದು ತಪ್ಪೂ ಮರುಕಳಿಸಲಿಲ್ಲ. ಮಾಪು ಹಿಂಡುತ್ತಿದ್ದ ಆಯಾ ಓಡಿ ಬಂದು ನಿಂತಳು. "ಉಸಿರಾಡು, ನಾವಿದೀವಿ" ಎಂದು ಅದೇ ಮಾತು ಹೇಳುತ್ತ ಒಯ್ದರು, ಅದೇ ಹೊದಿಕೆ ಹೊದಿಸಿದ್ದರು. ಹೊದಿಕೆಯ ಕೆಳಗಿನ ಮುಖ ಮಾತ್ರ ಏನೂ ಹೇಳುತ್ತಿರಲಿಲ್ಲ. ಅಂಬುಲೆನ್ಸ್ ಹೊರಟಾಗ ಮೇಲಿನ ಮಹಡಿಯಿಂದ ಇಬ್ಬರು ಮೂವರು ಚಪ್ಪಾಳೆ ತಟ್ಟಿದರು. ಡ್ರಿಲ್ ಎಂದುಕೊಂಡಿದ್ದರು ಪಾಪ, ಅಭ್ಯಾಸ.

ಆಸ್ಪತ್ರೆಯಲ್ಲಿ ಎರಡು ದಿನ ಹೋರಾಡಿ ಹುಡುಗಿ ಹೋದಳು. ಸಕ್ಕರೆ ಕಾಯಿಲೆಯಂತೆ, ಯಾರಿಗೂ ಗೊತ್ತೇ ಇರಲಿಲ್ಲವಂತೆ. ಆ ಬಾಯಾರಿಕೆ, ಆ ಸುಸ್ತು, ಆ ಉಸಿರು ಎಲ್ಲ ಅದೇ. ಮಧ್ಯಾಹ್ನವೇ ತಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರ್ ಹೇಳಿದರೆಂದು ವಾರ್ಡನ್ ಅಡುಗೆಯವರ ಹತ್ತಿರ ಹೇಳುತ್ತಿದ್ದುದು ಆಯಾಳ ಕಿವಿಗೆ ಬಿತ್ತು. ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ಪೂರ್ತಿ ತಿರುಗಿಸಿದಳು. ನೀರು ಬಕೆಟ್ ತುಂಬಿ ಹರಿದು, ಬಾಗಿಲ ಸಂದಿಯಿಂದ ಹೊರಗೆ ಬರುವವರೆಗೂ ಅಲ್ಲೇ ಕೂತಿದ್ದಳು.

ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ಬೆತ್ತ ಕೆಳಗಿಟ್ಟ. ತಮಾಷೆ ಮಾಡಲು ಬಾಯಿ ತೆರೆದು, ಮುಚ್ಚಿಕೊಂಡ. ಆಮೇಲೆ, "ಓದಿದವರಿಗೇ ಗೊತ್ತಾಗ್ಲಿಲ್ಲ, ನಿನಗೆಲ್ಲಿ ಗೊತ್ತಾಗುತ್ತೆ" ಎಂದ.

"ಗೊತ್ತಿಲ್ಲ ಅಂತ ಹೇಳಬಹುದಿತ್ತಲ್ಲ."

ಅವನು ಎದ್ದು ಒಳಗೆ ಹೋದ. ಒಂದು ಲೋಟ ನೀರು ತಂದು ಕೊಟ್ಟ. ಅವಳು ಅದನ್ನು ಹಾಗೇ ಪಕ್ಕಕ್ಕಿಟ್ಟಳು.

ವಿಚಾರಣೆ ನಡೆಯಿತು. ಉದ್ದನೆಯ ಮೇಜಿನ ಸುತ್ತ ಎಂಟ್ಹತ್ತು ಜನ ಕೂತಿದ್ದರು, ಎಲ್ಲರ ಮುಂದೆಯೂ ನೀರಿನ ಬಾಟಲಿಗಳಿದ್ದವು. ಆಯಾಳನ್ನು ಯಾರೂ ಕರೆದಿರಲಿಲ್ಲ. ಚಹಾದ ಲೋಟ ತೆಗೆಯಲು ಬಂದವಳು ಹೊರಗೆ ಹೋಗದೆ ಅಲ್ಲೇ ನಿಂತಳು. ಕರೆ ಬಂದ ಹೊತ್ತು, ಗಾಡಿ ಬಂದ ಹೊತ್ತು, ಆಸ್ಪತ್ರೆ ಮುಟ್ಟಿದ ಹೊತ್ತು ಎಲ್ಲ ಓದಿದರು. ಎಲ್ಲೂ ತಡವಾಗಿರಲಿಲ್ಲ, ಹಿಂದಿನ ಯಾವ ಡ್ರಿಲ್‌ಗಿಂತಲೂ ಬೇಗ. ಒಬ್ಬರು ಮೆಚ್ಚುಗೆ ಸೂಚಿಸಬೇಕೆಂದರು.

"ಸಾರ್, ಮಧ್ಯಾಹ್ನಾನೇ ಕರೀಬಹುದಿತ್ತು" ಎಂದಳು ಆಯಾ. ಎಲ್ಲರೂ ತಿರುಗಿದರು. "ಆ ಜಾಕೆಟ್ ಹುಡುಗಿ ನನ್ನ ಕೇಳಿದ್ಲು. ನಾನೇ ಮಲಗು ಅಂದೆ."

ಜಾಕೆಟ್ ಮೇಷ್ಟ್ರು ಎದ್ದು ಬಂದು ಅವಳನ್ನು ಮೆಲ್ಲಗೆ ಬಾಗಿಲವರೆಗೆ ಕರೆದುಕೊಂಡು ಹೋದರು. "ಕರೆ ಬಂದ ಮೇಲೆ ಏನಾಯ್ತು ಅನ್ನೋದಷ್ಟೇ ಈ ಮೀಟಿಂಗಿನದು ಅಮ್ಮ. ಆ ಮಾತು ಇಲ್ಲಿ ಬೇಡ. ನಿಮಗೂ ಒಳ್ಳೇದಲ್ಲ, ಆ ಜಾಕೆಟ್ ಹುಡುಗಿಗೂ ಒಳ್ಳೇದಲ್ಲ" ಎಂದರು. ಅವರ ಕಣ್ಣು ಕೆಂಪಾಗಿತ್ತು. ಕಟುಕರಾಗಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆ ಮೇಜಿನ ಸುತ್ತ ಕಟುಕರು ಒಬ್ಬರೂ ಇರಲಿಲ್ಲ.

ಅವತ್ತು ಕರೆ ಮಾಡದೆ ಹೋದ ಆ ಸ್ವಯಂಸೇವಕಿ ಜಾಕೆಟ್ ಮಡಿಸಿ ಕಚೇರಿಯ ಮೇಜಿನ ಮೇಲಿಟ್ಟು ಊರಿಗೆ ಹೊರಟುಹೋದಳು. ಪರೀಕ್ಷೆಗೂ ಬರಲಿಲ್ಲ.

ಬಾಟ್ಲಿ ಹುಡುಗಿಯ ಅಪ್ಪ ಸಾಮಾನು ಒಯ್ಯಲು ಬಂದ. ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯವನು. ಮಗಳ ಬಟ್ಟೆಗಳನ್ನು ಒಂದೊಂದಾಗಿ, ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಿದ್ದ. ಆಯಾ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿದಳು. ಬಾಟಲಿ ಕಿಟಕಿಯ ಕಟ್ಟೆಯ ಮೇಲಿತ್ತು, ಅರ್ಧ ನೀರು ಹಾಗೇ ಇತ್ತು. ಅದನ್ನು ಚೆಲ್ಲಬೇಕೋ ಬೇಡವೋ ಎಂದು ಇಬ್ಬರಿಗೂ ತೋಚಲಿಲ್ಲ.

"ನೀವು ಅವತ್ತು ಇದ್ರಂತೆ ಅಕ್ಕ. ಏನಾದ್ರೂ ಹೇಳಿದ್ಲಾ?"

"ಸುಸ್ತು ಅಂದ್ಲು."

"ಅಷ್ಟೇನಾ?"

ಅವಳು ಎಲ್ಲವನ್ನೂ ಹೇಳಬೇಕೆಂದೇ ಬಂದಿದ್ದಳು. ಹೇಳಿದರೆ ಇವನಿಗೆ ಏನು ಸಿಗುತ್ತದೆ, ಹೇಳದಿದ್ದರೆ ತನಗೆ ಏನು ಉಳಿಯುತ್ತದೆ ಎಂದು ಮನಸ್ಸಿನಲ್ಲೇ ತಿರುವಿ ಹಾಕುತ್ತಿದ್ದಾಗ ಅವನೇ ತಲೆಯಾಡಿಸಿದ.

"ಅವಳು ಹಂಗೇ. ಚಿಕ್ಕವಳಿದ್ದಾಗ ಇಸ್ತ್ರಿಪೆಟ್ಟಿಗೆ ಕಾಲಿಗೆ ತಾಗಿ ಸುಟ್ಟು ಬೊಬ್ಬೆ ಬಂದಿತ್ತು, ಸಂಜೆವರೆಗೂ ಹೇಳ್ಲಿಲ್ಲ. ಅಂಗಡೀಲಿ ಜನ ಇದ್ರಲ್ಲ ಅಪ್ಪ, ಅಂದ್ಲು. ಯಾರಿಗೂ ತೊಂದ್ರೆ ಕೊಡೋ ಮಗು ಅಲ್ಲ ನಂದು." ಹೆಮ್ಮೆಯಿಂದಲೇ ಹೇಳಿದ. ಆಮೇಲೆ ಮಡಿಸಿದ ಬಟ್ಟೆಯ ಮೇಲೆ ಅಂಗೈ ಇಟ್ಟು ಅಲುಗದೆ ನಿಂತ. ಆಯಾ ಬಗ್ಗಿ ಪುಸ್ತಕದ ಪೆಟ್ಟಿಗೆಗೆ ಹಗ್ಗ ಕಟ್ಟಿದಳು. ಅತ್ತರೆ ತಾನೇ ತಾಯಿಯೂ ಹಾಲು ಕೊಡುವುದು ಎಂದು ಗಾದೆ ಮಾಡಿದವರು, ಅಳಲು ಬಾರದ ಮಗುವಿನ ಗತಿ ಏನೆಂದು ಹೇಳಿ ಹೋಗಲಿಲ್ಲ.

ಸಾವಿಗೆ ವಿಶ್ವವಿದ್ಯಾಲಯ ಕೊಟ್ಟ ಉತ್ತರ ಇನ್ನೂ ದೊಡ್ಡ ಡ್ರಿಲ್. ಸ್ವಯಂಸೇವಕರು ಎರಡರಷ್ಟಾದರು. ಹೊಸಬರಲ್ಲಿ ಆ ರೂಮ್‌ಮೇಟ್ ಕೂಡ ಇದ್ದಳು. ಗೆಳತಿಗೆ ಮಾಡಲಾರದ್ದನ್ನು ಇನ್ನೊಬ್ಬರಿಗಾದರೂ ಮಾಡಬೇಕೆಂದು ಅತ್ತು ಕರೆದು ಸೇರಿಕೊಂಡಿದ್ದಳಂತೆ. ಕುಲಪತಿಗಳೇ ನೋಡಲು ಬರುವವರಿದ್ದರು. ಜಾಕೆಟ್ ಮೇಷ್ಟ್ರು ಆಯಾಳನ್ನು ಕರೆಸಿ, "ಹಾಸ್ಟೆಲ್ ಮೆಟ್ಟಿಲ ಹತ್ರ ಬಿದ್ಕೊಂಡಿರಿ ಅಮ್ಮ, ಎಲ್ಲಿ ಅಂತ ಹುಡುಗರಿಗೆ ಹೇಳಿರಲ್ಲ, ಹುಡುಕಬೇಕು" ಎಂದರು. ಇನ್ನು ಜನ್ಮದಲ್ಲಿ ಬೀಳುವುದಿಲ್ಲ ಎನ್ನಲು ಬಂದವಳು, ಹುಡುಕಬೇಕು ಎಂಬ ಮಾತು ಕೇಳಿ ಸುಮ್ಮನಾದಳು. ಅವಳ ಮನಸ್ಸಿನಲ್ಲಿ ಒಂದು ಆಸೆ ಹುಟ್ಟಿತು.

ಆ ದಿನ ಅವಳು ಬೀಳಲಿಲ್ಲ. ಬಾಟ್ಲಿ ಹುಡುಗಿ ಕೂತಿದ್ದ ಮೆಟ್ಟಿಲ ಮೇಲೆ, ತನ್ನದೇ ಪೋಸ್ಟರಿನ ಕೆಳಗೆ, ಗೋಡೆಗೆ ತಲೆಯಾನಿಸಿ ಕೂತಳು. ಓಡಿ ಬಂದವಳ ಹಾಗೆ ಉಸಿರಾಡಿದಳು. ಒಬ್ಬರಾದರೂ ನಿಂತು ನೋಡಲಿ, ಒಬ್ಬರಾದರೂ ಕರೆ ಮಾಡಲಿ. ಅಷ್ಟಾದರೆ ಆ ಹುಡುಗಿ ಸತ್ತದ್ದಕ್ಕೆ ಈ ಲೋಕದಲ್ಲಿ ಒಂದು ಗುರುತು ಉಳಿಯುತ್ತದೆ ಎಂದು ಅವಳ ಲೆಕ್ಕ.

ಸೀಟಿ ಊದಿದರು. ಕಿತ್ತಳೆ ಜಾಕೆಟುಗಳು ಎಲ್ಲ ಕಡೆಯಿಂದ ಓಡಿ ಬಂದವು. ಮೊದಲನೆಯವನು ಅವಳನ್ನು ದಾಟಿ ಮೆಟ್ಟಿಲು ಹತ್ತಿದ. ಇಬ್ಬರು ಬಚ್ಚಲುಗಳ ಬಾಗಿಲು ತಟ್ಟಿ ನೋಡಿ ಇಳಿದು ಬಂದರು. "ಪೇಷೆಂಟಮ್ಮ, ದಾರಿ ಬಿಡಿ" ಎಂದಳು ಒಬ್ಬಳು. "ಇನ್ನೂ ಇಲ್ಲೇ ಕೂತಿದೀರಾ? ಬೇಗ ಹೋಗಿ ಬೀಳಿ, ಟೈಮ್ ಶುರುವಾಯ್ತು" ಎಂದ ಇನ್ನೊಬ್ಬ. ರೂಮ್‌ಮೇಟ್ ಬಂದಳು. ಅವಳು ಒಂದು ಗಳಿಗೆ ನಿಂತಳು. ಆಯಾ ತಲೆಯೆತ್ತಿ ಅವಳನ್ನೇ ನೋಡಿದಳು. ಹುಡುಗಿ ಬಗ್ಗಿ, ಬಿಚ್ಚಿದ್ದ ಶೂ ಲೇಸ್ ಕಟ್ಟಿಕೊಂಡು ಓಡಿದಳು.

ಕೊನೆಗೆ ಜಾಕೆಟ್ ಮೇಷ್ಟ್ರು ಬಂದರು, ಬೆವರುತ್ತ. "ಏನಾಯ್ತಮ್ಮ? ಅಲ್ಲಿ ಎಲ್ಲರೂ ಕಾಯ್ತಿದಾರೆ."

"ಸುಸ್ತು ಸಾರ್" ಎಂದಳು ಅವಳು, ಆ ಹುಡುಗಿ ಅಂದಷ್ಟೇ ಮೆತ್ತಗೆ. ಅವರ ಮುಖವನ್ನೇ ನೋಡಿದಳು. ಅವರಿಗೆ ತಿಳಿಯುತ್ತದೆ ಎಂದು ನಂಬಿದ್ದಳು.

"ಮೊದ್ಲೇ ಹೇಳ್ಬಾರ್ದಿತ್ತಾ, ಬೇರೆಯವರನ್ನ ಹಾಕ್ತಿದ್ವಿ" ಎಂದರು ಮೇಷ್ಟ್ರು. ಬೇಸರದಿಂದಲ್ಲ, ಕನಿಕರದಿಂದಲೇ. ಭುಜ ಮುಟ್ಟಿ ಅಂದರು: "ಇರಲಿ. ಹೋಗಿ ಸ್ವಲ್ಪ ಮಲಗಿ, ಸರಿಹೋಗುತ್ತೆ."

ಅಂಗಳದಲ್ಲಿ ಬದಲಿ ರೋಗಿ ಸಿಕ್ಕಿದ್ದಳು. ರೂಮ್‌ಮೇಟ್ ತಾನೇ ಬೀಳುತ್ತೇನೆಂದು ಮುಂದೆ ಬಂದಿದ್ದಳು. ಮೆಟ್ಟಿಲಿನಿಂದ ಆಯಾಳಿಗೆ ಎಲ್ಲವೂ ಕಾಣುತ್ತಿತ್ತು. ಹುಡುಗಿ ಎದೆ ಹಿಡಿದಳು, ಕಣ್ಣು ಮೇಲೆ ಮಾಡಿದಳು, "ಅಯ್ಯೋ, ಹೋದೆ ಹೋದೆ" ಎಂದಳು. ಎಡಗೈ ಗಾಳಿಯಲ್ಲಿ ಎರಡು ಸಲ ಬೀಸಿತು. ಮಣ್ಣಾಗಿ ಎಷ್ಟೋ ಕಾಲವಾದ ಅತ್ತೆಯ ಎಡಗೈ. ಕಿತ್ತಳೆ ಜಾಕೆಟುಗಳು ಸುತ್ತ ಮುತ್ತಿಕೊಂಡವು, ಸೈರನ್ ಕೂಗಿತು, ಗಾಡಿ ಗೇಟಿನವರೆಗೆ ಹೋಗಿ ತಿರುಗಿ ಬಂತು. ಕುಲಪತಿಗಳು ಚಪ್ಪಾಳೆ ತಟ್ಟಿದರು.

ಗಾಡಿಯಿಂದ ಇಳಿದವಳೇ ಹುಡುಗಿ ಮೆಟ್ಟಿಲ ಹತ್ತಿರ ಓಡಿ ಬಂದಳು. ಮುಖ ಕೆಂಪೇರಿತ್ತು, ಕಣ್ಣಂಚಿನಲ್ಲಿ ನೀರಿತ್ತು. ಗೆಳತಿ ಹೋದ ಮೇಲೆ ಅವಳ ಮುಖದಲ್ಲಿ ಒಂದಿಷ್ಟು ನೆಮ್ಮದಿ ಕಂಡದ್ದು ಅದೇ ಮೊದಲು.

"ಆಂಟಿ, ಸರಿಯಾಗಿ ಬಿದ್ನಾ?"

ಆಯಾ ಕಂಬಿ ಹಿಡಿದು ಎದ್ದಳು.

"ಸರಿಯಾಗೇ ಬಿದ್ದೆ ಮಗಳೇ" ಎಂದಳು. "ನನಗಿಂತ ಚೆನ್ನಾಗಿ ಬಿದ್ದೆ."